ಲ್ಯಾಮಿನೇಷನ್ ಮಾಡಿಸಿದ ಫೋಟೊ ಮಾಸುವುದಿಲ್ಲವೇ?

ಲ್ಯಾಮಿನೇಷನ್ ಮಾಡಿಸಿದರೆ ಇಂಕ್‌ಜೆಟ್ (ಶಾಯಿಯ ಸಣ್ಣ ಹನಿ ಸಿಂಪಡಿಸಿ ಮುದ್ರಿಸಿದ) ಫೋಟೊ ಎಂದಿಗೂ ಮಾಸದು ಎಂಬ ವಾಟ್ಸ್ಆ್ಯಪ್ ಸಂದೇಶ ಮತ್ತೆ ಮತ್ತೆ ಬರುತ್ತದೆ. ನೆನಪು ಉಳಿಯಲೆಂಬ ಕಾಳಜಿಯಿಂದಲೇ ಜನ ಅದನ್ನು ಹಂಚುತ್ತಾರೆ. ಆದರೆ ಅದು ನಿಜವಲ್ಲ. ಪ್ಲಾಸ್ಟಿಕ್ ಪದರ ತೇವವನ್ನೂ ಗಾಳಿಯಲ್ಲಿದ್ದು ಬಣ್ಣ ಕೆಡಿಸುವ ಓಜೋನ್ ಅನಿಲವನ್ನೂ ಬಹುಮಟ್ಟಿಗೆ ತಡೆಯುತ್ತದೆ. ಕಾರವಾರದ ಮಳೆಗಾಲದಲ್ಲಿ ಅದು ಸಣ್ಣ ಉಪಕಾರವಲ್ಲ. ಬೆಳಕು ಮಾತ್ರ ಹಾದೇ ಹೋಗುತ್ತದೆ. ನಮ್ಮ ಮನೆಯ ಮದುವೆ ಫೋಟೊದಲ್ಲಿ ಸೀರೆಯ ಕೆಂಪು ತೆಳುವಾದದ್ದು ಪ್ಲಾಸ್ಟಿಕ್ಕಿನೊಳಗೇ.

ಎಷ್ಟು ಬೇಗ ಮಾಸುತ್ತದೆ ಎಂಬುದು ಶಾಯಿಯ ಬಗೆಯನ್ನೂ ಅವಲಂಬಿಸಿದೆ. ಡೈ ಶಾಯಿಯಲ್ಲಿ ಬಣ್ಣ ಕರಗಿರುತ್ತದೆ, ಬೆಳಕಿಗೆ ಬೇಗ ಕೆಡುತ್ತದೆ. ಪಿಗ್ಮೆಂಟ್ ಶಾಯಿಯ ಬಣ್ಣ ಸೂಕ್ಷ್ಮ ಕಣಗಳಾಗಿರುವುದರಿಂದ ಸಾಮಾನ್ಯವಾಗಿ ಹೆಚ್ಚು ಬಾಳುತ್ತದೆ. ಮುದ್ರಿಸುವವರನ್ನು ಶಾಯಿ ಯಾವುದೆಂದು ಕೇಳಿ.

ನೀವೇ ಪರೀಕ್ಷಿಸಬಹುದು: ಲ್ಯಾಮಿನೇಷನ್ ಮಾಡಿಸಿದ ಒಂದು ಪ್ರತಿಯ ಅರ್ಧಕ್ಕೆ ಕಪ್ಪು ರಟ್ಟು ಅಂಟಿಸಿ, ಬಿಸಿಲು ಬೀಳುವ ಪಡುವಣ ಕಿಟಕಿಯಲ್ಲಿ ಬೇಸಿಗೆಯಿಡೀ ಇಡಿ. ಮಳೆಗೆ ಮುನ್ನ ರಟ್ಟು ತೆಗೆದು ಎರಡು ಅರ್ಧಗಳ ನಡುವೆ ಗೆರೆ ಮೂಡಿದೆಯೇ ನೋಡಿ.