ನಾಯಿ ಬಟ್ಟಲದಾಗ ಪಂಕ್ತಿಭೇದ

ಉಣಕಲ್ ಕೆರೆಯ ದಂಡೆಯ ಮೇಲೆ ಮುಂಜಾನೆ ಆರಕ್ಕೆ ಕೂಡುವ ನಾಯಿಪಾಲಕರ ಸಭೆಗೆ ಈಗೊಂದು ಧರ್ಮಸೂಕ್ಷ್ಮ ಎದುರಾಗಿದೆ. ಹಸಿ ಮಾಂಸವೂ ಚೀಲದಲ್ಲಿ ಬರುವ ನಾಯಿ ತಿನಿಸಿನ ಒಣ ಕಾಳೂ ಒಂದೇ ಬಟ್ಟಲಿನಲ್ಲಿ ಕೂಡಬಹುದೋ, ಕೂಡಬಾರದೋ? (ಚೀಲ ಯಾವ ಕಂಪನಿಯದೇ ಇರಲಿ, ಹುಬ್ಬಳ್ಳಿ ಮಂದಿಯ ಬಾಯಲ್ಲಿ ಅದು ಪೆಡಿಗ್ರಿಯೇ.) ತೀರ್ಪು ಬಂದಾಗಿದೆ: ಕೂಡಬಾರದು. ಹಸೀದು ಮುಂಜಾನೆ, ಒಣದ್ದು ರಾತ್ರಿ, ನಡುವೆ ಹನ್ನೆರಡು ತಾಸು. ಎಂಟೇ ತಾಸಿಗೆ ಹಾಕಿದವರನ್ನು ವಾಟ್ಸಾಪ್ ಗುಂಪಿನಲ್ಲಿ ನಾಲ್ಕು ಮಂದಿ ತರಾಟೆಗೆ ತಗೊಳ್ಳುತ್ತಾರೆ. ಐದನೆಯವರು ಬರೀ ಕೈಮುಗಿದ ಚಿತ್ರ ಹಾಕುತ್ತಾರೆ.

ಯಾಕ್ರಿ ಅಂದರೆ ಉತ್ತರ ಸಿದ್ಧ. “ಹಸೀದು ಲಗೂನ ಜೀರ್ಣ ಆಗ್ತೈತ್ರಿ, ಕಾಳು ತಡಾ. ಎರಡೂ ಕೂಡಿದ್ವಂದ್ರ ಹಸೀದು ಹಿಂದ ನಿಂತು ಕೊಳೀತೈತಿ.” ನಾಯಿಯ ಹೊಟ್ಟೆಯೆಂದರೆ ಹುಬ್ಬಳ್ಳಿ-ಧಾರವಾಡ ಬೈಪಾಸು, ಕಾಳಿನ ಲಾರಿ ಮುಂದೆ ತೆವಳುತ್ತಿದೆ, ಕೋಳಿತೊಡೆ ಹಿಂದೆ ಹಾರ್ನ್ ಹೊಡೆಯುತ್ತ ಕೊಳೆಯುತ್ತಿದೆ!

ನಾಯಿಯ ಜಠರ ಒಂದೇ ಚೀಲ. ನಾಲ್ಕು ಕೋಣೆಯ ಹೊಟ್ಟೆ ಇರುವುದು ಧಾರವಾಡದ ಎಮ್ಮೆಗೆ. ಆ ಒಂದು ಚೀಲದೊಳಗೆ ಬಿದ್ದದ್ದೆಲ್ಲ ಕಟುವಾದ ಆಮ್ಲದಲ್ಲಿ ನೆನೆದು, ಕಲಸಿ, ಅಂಬಲಿಯಾಗಿ, ಸ್ವಲ್ಪಸ್ವಲ್ಪವೇ ಕರುಳಿಗೆ ಇಳಿಯುತ್ತದೆ. ತೆಳ್ಳಗಾದದ್ದು ಮೊದಲು, ದೊಡ್ಡ ತುಂಡು ಆಮೇಲೆ. ಕೊಬ್ಬು ಹೆಚ್ಚಿದ್ದರೆ ಎಲ್ಲವೂ ನಿಧಾನ. ಹಸಿಗೆ ಬೇರೆ ಬಾಗಿಲು, ಒಣಕ್ಕೆ ಬೇರೆ ಬಾಗಿಲು ಇಲ್ಲ. ಎರಡನ್ನೂ ಕೂಡಿಸಿ ಹಾಕಿದ್ದಕ್ಕೇ ಆರೋಗ್ಯವಂತ ನಾಯಿ ಕಾಯಿಲೆ ಬೀಳುತ್ತದೆ ಎನ್ನಲು ಗಟ್ಟಿ ಪುರಾವೆಯೂ ಇಲ್ಲ.

ಈ ಸಿದ್ಧಾಂತ ಬೋಧಿಸಿದವರು ಒಂಬತ್ತಕ್ಕೆ ಮನೆಗೆ ಹೋಗಿ ಏನು ಉಣ್ಣುತ್ತಾರೆ ನೋಡಬೇಕು. ಕಟಕ ರೊಟ್ಟಿ, ಎಣ್ಣೆಗಾಯಿ, ಬಾಜೂಕೆ ಹಸಿ ಮೆಂತ್ಯ, ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಗಜ್ಜರಿ, ಮೇಲೆ ಮೊಸರು. ತಿಂಗಳುಗಟ್ಟಲೆ ಒಣಗಿ ಕೂತ ರೊಟ್ಟಿ ಮತ್ತು ಮುಂಜಾನೆ ಕಿತ್ತ ಮೆಂತ್ಯ ಒಂದೇ ತುತ್ತಿನಲ್ಲಿ ಹೋಗುತ್ತವೆ. ನಡುವೆ ಹನ್ನೆರಡು ತಾಸು ಯಾರೂ ಬಿಟ್ಟದ್ದಿಲ್ಲ. ಚೀಲದ ಕಾಳು ನಾಯಿಯ ಕಟಕ ರೊಟ್ಟಿ, ಅಷ್ಟೇ. ಹಿಟ್ಟು, ಮಾಂಸದ ಪುಡಿ, ಕೊಬ್ಬು ಕಲಸಿ, ಯಂತ್ರದಲ್ಲಿ ನೂರು ಡಿಗ್ರಿಗೂ ಮೇಲೆ ಬೇಯಿಸಿ, ಒತ್ತಿ, ಒಣಗಿಸಿದ್ದು. ಅದನ್ನು ಮತ್ತೆ ಕುಕ್ಕರಿಗೆ ಹಾಕಿ ಎರಡು ಸೀಟಿ ಹೊಡೆಸುವ ಮನೆಗಳೂ ಇವೆ. ಬೆಂದದ್ದು ಬೇಯುವುದಿಲ್ಲ, ಇದ್ದ ಜೀವಸತ್ವ ಮಾತ್ರ ಹೋಗುತ್ತದೆ.

ಹಸಿ ಪಂಥದ ಇನ್ನೊಂದು ಅಸ್ತ್ರ ವಂಶಾವಳಿ. “ನಾಯಿ ಅಂದ್ರ ತ್ವಾಳ ಇದ್ಹಂಗ್ರಿ, ತ್ವಾಳ ಏನು ಚೀಲ ಒಡದು ತಿಂತೈತೇನು?” ಹೀಗೆ ಹೇಳುವವರ ಸರಪಳಿಯ ಇನ್ನೊಂದು ತುದಿಗೆ ಸಾಮಾನ್ಯವಾಗಿ ಪಟಾಕಿ ಸದ್ದಿಗೆ ಸೋಫಾದ ಕೆಳಗೆ ಹೋಗುವ ಒಂದು ಪೊಮೇರಿಯನ್ ಇರುತ್ತದೆ. ಕಪ್ಪತಗುಡ್ಡದ ತೋಳಕ್ಕೂ ಅದಕ್ಕೂ ನೆಂಟಸ್ತನ ಇದೆ, ಸುಳ್ಳಲ್ಲ. ಆದರೆ ಹಿಟ್ಟು ಅರಗಿಸುವ ಅಮೈಲೇಸ್ ಎಂಬ ಕಿಣ್ವದ ಜೀನು ತೋಳದಲ್ಲಿ ಎರಡೇ ಪ್ರತಿ ಇದ್ದರೆ, ನಾಯಿಯಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇವೆ ಎಂದು ಸ್ವೀಡನ್ನಿನ ಸಂಶೋಧಕರು 2013ರಲ್ಲೇ ತೋರಿಸಿದ್ದಾರೆ. ಸಾವಿರಾರು ವರ್ಷ ಮನುಷ್ಯರ ಅಂಗಳದಲ್ಲಿ ಉಳಿದ ತುಣುಕು ತಿಂದು ಗಳಿಸಿದ ಆಸ್ತಿ ಅದು. ಕೆರೆ ದಂಡೆಯ ಒಂದು ಸುತ್ತಿನಲ್ಲಿ ಅದನ್ನು ಕಳೆಯಲಾಗುವುದಿಲ್ಲ.

ಹಾಗಾದರೆ ಕೂಡಿಸಿ ಹಾಕಿದ ಮರುದಿನ ಭೇದಿ ಯಾಕಾಯಿತು? ಎರಡು ವರ್ಷ ಒಂದೇ ಚೀಲದ ಕಾಳು ತಿಂದ ನಾಯಿಗೆ ರವಿವಾರ ಗಣೇಶಪೇಟೆಯಿಂದ ಅರ್ಧ ಕಿಲೋ ಕೋಳಿ ತಂದು, ಚರ್ಮ ಕೊಬ್ಬು ಸಮೇತ ಸುರಿದರೆ ಬೇರೇನಾಗಬೇಕು? ತಪ್ಪು ಕೂಡಿಸಿದ್ದರಲ್ಲಿಲ್ಲ, ಅವಸರದಲ್ಲಿದೆ. ಮೊದಲ ಮೂರು ದಿನ ಹೊಸದು ಕಾಲುಭಾಗ, ಮುಂದಿನ ಮೂರು ದಿನ ಅರ್ಧ, ಹೊಟ್ಟೆ ಗಟ್ಟಿ ಇದ್ದರೆ ಮಾತ್ರ ಮುಂದೆ. ಒಟ್ಟು ಏಳರಿಂದ ಹತ್ತು ದಿನ. ಕೊಬ್ಬು ಒಮ್ಮೆಲೇ ಹೆಚ್ಚಿದರೆ ಕೆಲವು ನಾಯಿಗಳಿಗೆ ಮೇದೋಜೀರಕ ಗ್ರಂಥಿ ಊದಿಕೊಂಡು ವಾಂತಿ, ಹೊಟ್ಟೆನೋವು ಶುರುವಾಗುತ್ತದೆ. ಅದು ಮನೆಮದ್ದಿನ ಕೆಲಸವಲ್ಲ, ಡಾಕ್ಟರ ಕೆಲಸ.

ತಾಸು ಎಣಿಸುವವರು ಯಾರೂ ಗ್ರಾಂ ಎಣಿಸುವುದಿಲ್ಲ, ನಿಜವಾದ ತಮಾಷೆ ಇಲ್ಲಿದೆ. 25 ಕಿಲೋ ತೂಗುವ, ಸಂತಾನಹರಣ ಮಾಡಿಸಿದ ಒಂದು ಲ್ಯಾಬ್ರಡಾರ್ ತಗೊಳ್ಳಿ. ದಿನಕ್ಕೆ ಅದಕ್ಕೆ ಬೇಕಾದದ್ದು ಸುಮಾರು 1250 ಕ್ಯಾಲೊರಿ. 100 ಗ್ರಾಂಗೆ 360 ಕ್ಯಾಲೊರಿ ಇರುವ ಕಾಳಾದರೆ 350 ಗ್ರಾಂ ಹಾಕಿದಲ್ಲಿಗೆ ದಿನದ ಲೆಕ್ಕ ಮುಗಿಯಿತು. ನಮ್ಮವರು ಆ 350 ಗ್ರಾಂನಲ್ಲಿ ಏನೂ ಕಡಿಮೆ ಮಾಡುವುದಿಲ್ಲ. “ಸ್ವಲ್ಪ ರುಚಿಗೆ” ಅಂತ ಮೇಲೆ ಪಾವ್ ಕಿಲೋ ಕೋಳಿ ಇಡುತ್ತಾರೆ. ಚರ್ಮ ತೆಗೆದ ತೊಡೆಮಾಂಸವೇ ಆದರೂ ಅದು 300 ಕ್ಯಾಲೊರಿ, ಅಂದರೆ ದಿನದ ಊಟದ ಮೇಲೆ ಮತ್ತೆ ಕಾಲುಭಾಗ. ಆರು ತಿಂಗಳಿಗೆ ಲ್ಯಾಬ್ರಡಾರ್ ಅಕ್ಕಿ ಚೀಲವಾಗಿ ಮೂರನೇ ಬೆಂಚಿಗೇ ಕೂತುಬಿಡುತ್ತದೆ. ಆಗ ಸಭೆಯ ನಿದಾನ: “ಒಣದ್ದು ತಿನಸ್ತೀರಲ್ರಿ, ಅದಕ್ಕ ಬೊಜ್ಜು.”

ಮೇಲಿನ ತುಂಡು ದಿನದ ಕ್ಯಾಲೊರಿಯ ಹತ್ತನೇ ಒಂದು ಭಾಗದೊಳಗಿದ್ದರೆ, ಅಂದರೆ ಈ ನಾಯಿಗೆ 100 ಗ್ರಾಂ ಮಾಂಸ ಕೊಟ್ಟು ಕಾಳಿನಲ್ಲಿ 35 ಗ್ರಾಂ ಕಡಿಮೆ ಮಾಡಿದರೆ, ಯಾವ ತಕ್ಕಡಿಯೂ ತಪ್ಪುವುದಿಲ್ಲ. ಅರ್ಧಕ್ಕರ್ಧ ಮಾಡಹೊರಟಾಗ ಲೆಕ್ಕದ ಸ್ವರೂಪವೇ ಬೇರೆ. 175 ಗ್ರಾಂ ಕಾಳು, 520 ಗ್ರಾಂ ಎಲುಬಿಲ್ಲದ ಮಾಂಸ. ಚೀಲದ ಮೇಲೆ ಕ್ಯಾಲ್ಸಿಯಂ ಶೇ. 1.2, ರಂಜಕ (ಫಾಸ್ಫರಸ್) ಶೇ. 1 ಎಂದಿದ್ದರೆ ಕಾಳಿನಿಂದ ಬರುವುದು 2100 ಮಿಲಿಗ್ರಾಂ ಕ್ಯಾಲ್ಸಿಯಂ, 1750 ಮಿಲಿಗ್ರಾಂ ರಂಜಕ. ಮಾಂಸದಲ್ಲಿ ಕ್ಯಾಲ್ಸಿಯಂ ಹೆಸರಿಗೆ ಮಾತ್ರ, 50 ಮಿಲಿಗ್ರಾಂ ಸಿಕ್ಕರೆ ಪುಣ್ಯ. ರಂಜಕ ಮಾತ್ರ 950ರ ಆಸುಪಾಸು. ಕೂಡಿಸಿ ನೋಡಿದರೆ ರಂಜಕ 2700, ಕ್ಯಾಲ್ಸಿಯಂ 2150. ಕ್ಯಾಲ್ಸಿಯಂ ರಂಜಕಕ್ಕಿಂತ ಕಡಿಮೆ ಇರಲೇಬಾರದು, ತುಸು ಹೆಚ್ಚೇ ಇರಬೇಕು. ತಿಂಗಳುಗಟ್ಟಲೆ ಹೀಗೇ ನಡೆದರೆ ದೇಹ ಆ ಕೊರತೆಯನ್ನು ಎಲುಬಿನಿಂದ ಕೆರೆದು ತೆಗೆಯುತ್ತದೆ. ಮರಿಯಾದರೆ ವಾರಗಳಲ್ಲೇ ಕಾಲು ಸೊಟ್ಟಗಾಗಬಹುದು.

ಮರಿಯ ವಿಷಯ ಬಂದರೆ ಸಭೆಯ ಒಲವು ಇನ್ನೊಂದು ಕಡೆಗೆ. ಮರಿಗಳಿಗೆಂದೇ ಮಾಡಿದ ಸಂಪೂರ್ಣ ಆಹಾರದ ಚೀಲ ತಂದು, ಅದರ ಮೇಲೆ ಕ್ಯಾಲ್ಸಿಯಂ ಸಿರಪ್ಪು ಎರಡು ಮುಚ್ಚಳ, ಅದರ ಮೇಲೆ ಎಮ್ಮೆ ಹಾಲು. ಗ್ರೇಟ್ ಡೇನ್, ಜರ್ಮನ್ ಶೆಫರ್ಡ್ ಮರಿಗಳಿಗೆ ಹೆಚ್ಚಾದ ಕ್ಯಾಲ್ಸಿಯಂ ಕಡಿಮೆಯಾದಷ್ಟೇ ಕೆಟ್ಟದ್ದು. ಬೇಡದ್ದನ್ನು ಹೊರಗೆ ತಳ್ಳುವ ಶಕ್ತಿ ಎಳೆ ಕರುಳಿಗೆ ಬಂದಿರುವುದಿಲ್ಲ. ಬೆಳೆಯುವ ಮರಿಯ ಬಟ್ಟಲಿನಲ್ಲಿ ಅರ್ಧಕ್ಕರ್ಧದ ಪ್ರಯೋಗವೇ ಬೇಡ.

ಉಳಿದ ಅವಾಂತರ ಬೇಗ ಹೇಳಿ ಮುಗಿಸಬಹುದು. ಕಲೀಜಿ (ಯಕೃತ್ತು) ಅಗ್ಗ ಅಂತ ಪಾವ್ ಕಿಲೋ ಹಾಕುತ್ತಾರೆ. ಮೇಲಿನ ಅರ್ಧಕ್ಕರ್ಧದ ಲೆಕ್ಕಕ್ಕೆ 25 ಗ್ರಾಂ ಸಾಕು. ಹಸಿ ಎಲುಬಿಗೆ ಹೆದರಿ ಅದನ್ನೇ ಕುದಿಸಿ ಹಾಕುತ್ತಾರೆ. ಬೆಂದ ಎಲುಬು ಸೀಳಿ ಸೂಜಿಯಾಗುತ್ತದೆ, ಹಸಿಗಿಂತ ಅದೇ ಹೆಚ್ಚು ಅಪಾಯ. (ಹಸಿಯದ್ದೂ ಹಲ್ಲು ಮುರಿದದ್ದುಂಟು, ಗಂಟಲಲ್ಲಿ ಸಿಕ್ಕಿದ್ದುಂಟು.) ಅಂಗಡಿಯ ಬಾಗಿಲಿಗೆ ಪಾರದರ್ಶಕ ಪೊಟ್ಟಣದಲ್ಲಿ ತೂಗುಬಿಟ್ಟ ಬಿಡಿ ಕಾಳು ತರುತ್ತಾರೆ, ತಾರೀಖೂ ಇಲ್ಲ, ಪಟ್ಟಿಯೂ ಇಲ್ಲ. ಏಪ್ರಿಲ್ ಬಿಸಿಲಿಗೆ ಅದರ ಕೊಬ್ಬು ಕಮಟು ಹಿಡಿದಿರುತ್ತದೆ.

ಇನ್ನು ಮಡಿಯ ಮಾತು. ಬಟ್ಟಲಿನೊಳಗೆ ಇಷ್ಟೊಂದು ಮಡಿ ಮಾಡುವವರು ಬಟ್ಟಲಿನ ಹೊರಗೆ ಏನು ಮಾಡುತ್ತಾರೆ? ಧಾರವಾಡದ ಸಸ್ಯಾಹಾರಿ ಮನೆಯ ವ್ಯವಸ್ಥೆ ನೋಡಿ. ಚೀಲದ ಕಾಳಿಗೆ ಅಡ್ಡಿಯಿಲ್ಲ, ಅದು ಬಿಸ್ಕೀಟಿನ ಹಾಗಿದೆ. ಹಿಂಬದಿಯಲ್ಲಿ ಕೋಳಿಮಾಂಸದ ಪುಡಿ ಎಂದು ಅಚ್ಚಾದದ್ದನ್ನು ಓದಿದರಲ್ಲವೇ ಮೈಲಿಗೆ. ಹಸಿ ಮಾಂಸ ಬಂದಾಗ ಮಾತ್ರ ಮೆಟ್ಟಿಲ ಕೆಳಗೆ ಬೇರೆ ಫ್ರಿಜ್ಜು, ಕರೀ ಚೀಲ, ಮುಖ ತಿರುಗಿಸಿಕೊಂಡು ಇಸಕೊಳ್ಳುವ ಕೈ. ಇಷ್ಟಾಗಿ ಅದೇ ಕೈ ಅಡುಗೆಮನೆಯ ನಳ ತಿರುವುತ್ತದೆ. ಕರಗಲೆಂದು ಮಾಂಸ ಮುಂಜಾನೆಯಿಂದ ಕಟ್ಟೆಯ ಮೇಲೆ ಕೂತಿದೆ. ಬಟ್ಟಲು ಒರೆಸಿದ ಅರಿವೆಯೇ ಊಟದ ಮೇಜಿಗೂ. ನಾಯಿ ಹಸೀದು ತಿಂದು ಬಂದು ಕೂಸಿನ ಗಲ್ಲ ನೆಕ್ಕುತ್ತದೆ, ಎಲ್ಲರೂ ಫೋಟೋ ತೆಗೆಯುತ್ತಾರೆ.

ಹಸಿ ಮಾಂಸದಲ್ಲಿ ಇರಬಹುದಾದ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ನಾಯಿಗೆ ಏನೂ ಮಾಡದೆ ಹೋಗಬಹುದು. ಗುಂಡುಕಲ್ಲಿನಂತಿರುವ ನಾಯಿಯೇ ಅದನ್ನು ಮಲದಲ್ಲಿ ದಿನಗಟ್ಟಲೆ ಹೊರಹಾಕುತ್ತಿರುತ್ತದೆ. ಕಾಯಿಲೆ ಬೀಳುವುದು ಕೂಸು, ಬಸುರಿ, ಮನೆಯ ಹಿರಿಯರು. “ಫ್ರೀಜರಿನ್ಯಾಗ ಇಟ್ಟೇವ್ರಿ, ಎಲ್ಲಾ ಸಾಯ್ತಾವು” ಎನ್ನುವುದು ಇನ್ನೊಂದು ನಂಬಿಕೆ. ಮೈನಸ್ 18ರಲ್ಲಿ ಬ್ಯಾಕ್ಟೀರಿಯಾ ಮಲಗುತ್ತದೆ, ಸಾಯುವುದಿಲ್ಲ. ಸಾಯಿಸಲು ಮಾಂಸದ ನಡುಭಾಗ 74 ಡಿಗ್ರಿ ಮುಟ್ಟಬೇಕು. ಹಸೀದೇ ಆಗಬೇಕೆಂದಿದ್ದರೆ ಕರಗುವುದು ಮುಚ್ಚಿದ ಡಬ್ಬಿಯಲ್ಲಿ, ಫ್ರಿಜ್ಜಿನ ಕೆಳಗಿನ ಹಲಗೆಯ ಮೇಲೆ, ರಾತ್ರಿಯಿಡೀ. ಚಾಕು, ಮಣೆ, ಅರಿವೆ ಬೇರೆ. ಸ್ಟೀಲಿನ ಬಟ್ಟಲು, ಇಪ್ಪತ್ತು ನಿಮಿಷದಲ್ಲಿ ತಿನ್ನದಿದ್ದರೆ ಎತ್ತುವುದು. ಮಾಂಸದ ರಸಕ್ಕೆ ನೆನೆದ ಕಾಳೂ ಅದರ ಜೊತೆಗೇ ಹೋಗಬೇಕು, ಸಂಜೆಗೆ ಎತ್ತಿಡುವಂತಿಲ್ಲ. ಬಟ್ಟಲಿಗೆ ಬಿಸಿನೀರು, ಸಾಬೂನು, ಆಮೇಲೆ ಕೈ ತೊಳೆಯುವುದು.

ಈ ಯಾದಿ ಪೂರ್ತಿ ಆ ಮನೆಯ ಅಜ್ಜಿ ಐವತ್ತು ವರ್ಷದಿಂದ ಹೇಳಿಕೊಂಡೇ ಬಂದದ್ದು. “ಅದನ್ನ ಮುಟ್ಟಿದ ಕೈಲೆ ಹಿಟ್ಟಿನ ಡಬ್ಬಿ ಮುಟ್ಟಬ್ಯಾಡೋ, ಮುಸುರಿ ಅದ.” ಮೊಮ್ಮಗ ಅದಕ್ಕೆ ಮೂಢನಂಬಿಕೆ ಎಂದು ನಕ್ಕು, ಹನ್ನೆರಡು ತಾಸಿನ ಅಲಾರಂ ಇಟ್ಟುಕೊಳ್ಳುತ್ತಾನೆ.

ಅರ್ಧಕ್ಕರ್ಧದ ಲೆಕ್ಕದಲ್ಲಿ ಬಾಕಿ ಉಳಿದ ಕ್ಯಾಲ್ಸಿಯಂಗೆ ಮದ್ದು ಸಣ್ಣದು. ಮೊಟ್ಟೆಯ ಸಿಪ್ಪೆ ತೊಳೆದು, ಹತ್ತು ನಿಮಿಷ ಕುದಿಸಿ, ಒಣಗಿಸಿ, ಮೈದಾದಷ್ಟು ನುಣ್ಣಗೆ ಪುಡಿ ಮಾಡಿ ದಿನಕ್ಕೆ ಅರ್ಧ ಟೀ ಚಮಚೆ. ಅದು ಸುಮಾರು 950 ಮಿಲಿಗ್ರಾಂ, ತಕ್ಕಡಿ ಸರಿಹೋಗುತ್ತದೆ. ಪುಡಿ ತರಿತರಿಯಾಗಿದ್ದರೆ ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ, ಆದ್ದರಿಂದ ಮಿಕ್ಸಿ ಬೇಕೇಬೇಕು. ದಿನಾ ಅರ್ಧ ಕಿಲೋ ಕೋಳಿ ಒಳಗೆ ಬರುವ ಮನೆಯಲ್ಲಿ ಕಡೆಗೆ ಕೆಲಸ ನಿಂತಿರುವುದು ಈ ಮಿಕ್ಸಿಯ ಮುಂದೆ, ಅಜ್ಜಿಯ ಮಾತಿಗೆ.

“ಶೇಂಗಾ ಚಟ್ನಿ ಮಾಡೋ ಜಾರದು. ತತ್ತಿ ಸಿಪ್ಪಿ ಅದರೊಳಗ ಬಿದ್ದರ ನೋಡು. ನಾಯಿಗೆ ಬ್ಯಾರೆ ಜಾರ್ ತಗೊಂಬಾ.”