ಲೈಸೆನ್ಸ್ ಕೊಡೋದು ಸರ್ಕಾರ, ಕೀ ಕೊಡೋದು ಇನ್ಶೂರೆನ್ಸ್

ಅಮೆರಿಕದಲ್ಲಿ ಟ್ರಕ್ ಓಡಿಸೋಕೆ ಎಷ್ಟು ವಯಸ್ಸಾಗಿರಬೇಕು? ರಾಜ್ಯದೊಳಗೆ 18, ರಾಜ್ಯದ ಗಡಿ ದಾಟಲು 21. ಕೆಲಸವೇ ಸಿಗಬೇಕೆಂದರೆ ಎಷ್ಟೋ ಕಡೆ 23, ಕೆಲವೆಡೆ 25. ಮೊದಲೆರಡು ಕಾನೂನಿನ ಮಾತು. ಕೊನೆಯದು ಇನ್ಶೂರೆನ್ಸ್ ಕಂಪನಿಯ ಮಾತು. ನಡೆಯುವುದು ಅದೇ.

ಟೆಕ್ಸಸ್‌ನ ಸಣ್ಣದೊಂದು ಟ್ರಕ್ ಕಂಪನಿಯಲ್ಲಿ ಡಿಸ್ಪ್ಯಾಚ್, ಅಂದರೆ ಯಾವ ಲೋಡ್ ಯಾರು ಒಯ್ಯಬೇಕು ಅನ್ನೋದನ್ನು ನೋಡಿಕೊಳ್ಳುತ್ತೇನೆ. ಇಲ್ಲಿ 19ರ ಹುಡುಗ ಎಲ್ ಪಾಸೊದಿಂದ ಹ್ಯೂಸ್ಟನ್‌ವರೆಗೆ ಸುಮಾರು 1,200 ಕಿ.ಮೀ. ಲೋಡ್ ಒಯ್ಯಬಹುದು. ಗಡಿಯ ಊರು ಟೆಕ್ಸರ್ಕಾನಾದಲ್ಲಿ ಮಾತ್ರ ಬೀದಿ ದಾಟುವಂತಿಲ್ಲ, ಆಚೆ ಬದಿ ಅರ್ಕನ್ಸಾ ರಾಜ್ಯ! ಬೇರೆ ರಾಜ್ಯಕ್ಕೆ ಹೊರಟ ಸರಕಾದರೆ ಟೆಕ್ಸಸ್‌ನೊಳಗಿನ ತುಂಡು ದಾರಿಯನ್ನೂ ಅವನು ಓಡಿಸುವಂತಿಲ್ಲ.

ಹುಡುಗರು ಅರ್ಜಿ ಹಾಕಿದರೆ ಅವರ ಡ್ರೈವಿಂಗ್ ರೆಕಾರ್ಡ್ ಮೊದಲು ಇನ್ಶೂರೆನ್ಸ್ ಏಜೆಂಟಿಗೆ ಹೋಗುತ್ತದೆ. ಒಂದು ಟ್ರಾಫಿಕ್ ದಂಡದ ಟಿಕೆಟ್ಟೂ ಇರುವುದಿಲ್ಲ. ಡ್ರೈವಿಂಗ್ ಸ್ಕೂಲಿನ ಸರ್ಟಿಫಿಕೇಟ್, ಮೆಡಿಕಲ್ ಕಾರ್ಡ್ ಎಲ್ಲ ಸರಿ ಇರುತ್ತವೆ. ಉತ್ತರ ಒಂದೇ ಸಾಲು: ಎರಡು ವರ್ಷ ಅನುಭವ ಇಲ್ಲ, ಪಾಲಿಸಿಗೆ ಸೇರಿಸಲಾಗದು. ಯಾರಾದರೂ ಕೆಲಸ ಕೊಟ್ಟರೆ ತಾನೇ ಅನುಭವ ಬರೋದು? ದೊಡ್ಡ ಕಂಪನಿಗಳು ನಷ್ಟದ ಒಂದು ಪಾಲನ್ನು ತಾವೇ ಹೊತ್ತು ಹೊಸಬರನ್ನು ಪಳಗಿಸುತ್ತವೆ. ಹತ್ತು ಗಾಡಿ ಇಟ್ಟವನಿಗೆ ಆ ತಾಕತ್ತಿಲ್ಲ. 18ಕ್ಕೆ ಹೈಸ್ಕೂಲ್ ಮುಗಿಸಿದವನು ಸುಮ್ನೆ ಕಾಯುತ್ತಾ ಕೂರುತ್ತಾನಾ? ವೆಲ್ಡಿಂಗೋ ಪ್ಲಂಬಿಂಗೋ ಕಲಿತು ಅಲ್ಲೇ ಉಳಿದುಬಿಡುತ್ತಾನೆ. ಆಮೇಲೆ ಡ್ರೈವರ್‌ಗಳೇ ಸಿಗ್ತಿಲ್ಲ ಅಂತ ಗೋಳು.

ಇನ್ಶೂರೆನ್ಸ್‌ನವರದು ಬರೀ ಹಟವೂ ಅಲ್ಲ. ಎಳೆ ವಯಸ್ಸಿನವರ ಅಪಘಾತದ ಪ್ರಮಾಣ ಜಾಸ್ತಿಯೇ. 2022ರ ಫೆಬ್ರವರಿಯಿಂದ ಹೊಸ ಡ್ರೈವರ್‌ಗಳಿಗೆ ತರಬೇತಿ ಕಡ್ಡಾಯವಾಗಿದೆ, ನಿಜ. ಆದರೆ ಕನಿಷ್ಠ ಎಷ್ಟು ಗಂಟೆ ಸ್ಟೀರಿಂಗ್ ಹಿಡಿದಿರಬೇಕು ಎಂದು ಫೆಡರಲ್ ನಿಯಮ ಹೇಳುವುದಿಲ್ಲ. ಸರ್ಟಿಫಿಕೇಟ್ ನೋಡಿ ಕೈ ಎಷ್ಟು ಪಳಗಿದೆ ಎಂದು ಹೇಳಲಾಗದಾಗ ಹುಟ್ಟಿದ ತಾರೀಖು ನೋಡುತ್ತಾರೆ.

ಭಾರತದಲ್ಲಿ ಇದರ ತದ್ವಿರುದ್ಧ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸಾರಿಗೆ ವಾಹನ ಓಡಿಸಲು 20 ತುಂಬಿರಬೇಕು, ರಾಜ್ಯದ ಗಡಿಗೂ ವಯಸ್ಸಿಗೂ ಸಂಬಂಧವಿಲ್ಲ. ಲಾರಿಯ ಥರ್ಡ್ ಪಾರ್ಟಿ ಪ್ರೀಮಿಯಂ ನಿಗದಿಯಾಗುವುದು ಗಾಡಿಯ ತೂಕದ ಮೇಲೆ. ಸ್ಟೀರಿಂಗ್ ಹಿಂದೆ 20ರವನಿದ್ದರೂ 45ರವನಿದ್ದರೂ ಅದೇ ದುಡ್ಡು. ಡ್ರೈವರ್ ಯಾರು ಅನ್ನೋ ಪ್ರಶ್ನೆ ಏಳುವುದು ಅಪಘಾತ ಆದಮೇಲೆ. ಡಿಎಲ್ ಸರಿಯಿಲ್ಲ ಅಂತಾದರೆ, ಪರಿಹಾರ ಕೊಟ್ಟು ಮಾಲೀಕನಿಂದ ವಸೂಲು ಮಾಡಿಕೊಳ್ಳಿ ಎಂದು ಕೋರ್ಟು ಇನ್ಶೂರೆನ್ಸ್ ಕಂಪನಿಗೆ ಹೇಳುವುದುಂಟು. ಹುಡುಗನಿಗೆ ಕೆಲಸವೇನೋ ಸಿಗುತ್ತದೆ. ಆದರೆ ಜೋಪಾನವಾಗಿ ಓಡಿಸುವವನನ್ನೇ ಹುಡುಕಿದ ಮಾಲೀಕನಿಗೆ ಆ ಪ್ರೀಮಿಯಂನಲ್ಲಿ ಒಂದು ಪೈಸೆಯೂ ಉಳಿಯುವುದಿಲ್ಲ. ಇದೂ ಸರಿಯಲ್ಲ.

ಕ್ಲೀನರ್ ಆಗಿ ಸೇರಿ ಕಲಿಯುವ ಪದ್ಧತಿಯಲ್ಲಿ ಒಂದು ಒಳ್ಳೆಯದಿದೆ: ಪಕ್ಕದಲ್ಲಿ ಅನುಭವಿ ಇರುತ್ತಾನೆ. ಕೆಟ್ಟದ್ದೂ ಇದೆ. ಎಷ್ಟು ಕಲಿತ ಅನ್ನೋದಕ್ಕೆ ಲೆಕ್ಕವಿಲ್ಲ, ಲೈಸೆನ್ಸ್‌ಗೆ ಮೊದಲೇ ಸ್ಟೀರಿಂಗ್ ಕೈಗೆ ಬಂದಿರುತ್ತದೆ.

ಅದನ್ನೇ ಲೆಕ್ಕ ಇಟ್ಟು ಮಾಡುವ ಪ್ರಯೋಗವೊಂದಕ್ಕೆ ಅಮೆರಿಕದ 2021ರ ಮೂಲಸೌಕರ್ಯ ಕಾಯ್ದೆ ದಾರಿ ಮಾಡಿತ್ತು. 18ರಿಂದ 20ರವರು ಮೊದಲು 120 ಗಂಟೆ, ಆಮೇಲೆ 280 ಗಂಟೆ ಗಡಿ ದಾಟಿ ಓಡಿಸಬಹುದಿತ್ತು, ಪಕ್ಕದಲ್ಲಿ 26 ತುಂಬಿದ ಅನುಭವಿ ಕೂತಿರಬೇಕಿತ್ತು. ಒಮ್ಮೆಗೆ 3,000 ಜನರಿಗೆ ಅವಕಾಶವಿತ್ತು, ಸೇರಿದವರು ಅದರ ಹತ್ತಿರಕ್ಕೂ ಬರಲಿಲ್ಲ. ಶರತ್ತುಗಳೂ ಜಾಸ್ತಿ ಇದ್ದವು ಅನ್ನಿ. ಆದರೆ ನನ್ನ ಕಣ್ಣಿಗೆ ಬೀಳುವ ಕೊರತೆ ಬೇರೆ. ಆ 400 ಗಂಟೆ ಮುಗಿಸಿದವನನ್ನು ಪಾಲಿಸಿಗೆ ಸೇರಿಸಲೇಬೇಕು ಎಂದು ಇನ್ಶೂರೆನ್ಸ್‌ನವರಿಗೆ ಯಾರೂ ಹೇಳಿರಲಿಲ್ಲ. ಮೊದಲ ವರ್ಷ ಪ್ರೀಮಿಯಂ ಜಾಸ್ತಿ ಹಾಕಲಿ, ಕ್ಯಾಬಿನ್‌ನಲ್ಲಿ ಕ್ಯಾಮೆರಾ ಇಡಿ ಅನ್ನಲಿ. ನಮ್ಮಂಥ ಸಣ್ಣ ಕಂಪನಿಗಳು ಒಪ್ಪಿಕೊಳ್ಳುತ್ತವೆ. ನಿಂತ ಗಾಡಿಗೂ ಸಾಲದ ಕಂತು ಕಟ್ಟಲೇಬೇಕಲ್ವಾ?