ಬ್ಯಾಗ್ ಶುಲ್ಕ ಕಟ್ಟಿದ ಮೇಲೆ ಕೇಳುವಂತಿಲ್ವಾ?

'ಏರ್‌ಪೋರ್ಟ್ ಕೌಂಟರ್‌ನಲ್ಲಿ ಹೆಚ್ಚುವರಿ ಬ್ಯಾಗ್ ಶುಲ್ಕ ಕಟ್ಟಿದರೆ ನೀವು ಒಪ್ಪಿದ ಹಾಗೆ. ಆಮೇಲೆ ಒಂದು ಪೈಸೆಯೂ ವಾಪಸ್ ಬರಲ್ಲ, ಕಟ್ಟಲೇಬೇಡಿ' ಎಂಬ ಮೆಸೇಜ್ ಓಡಾಡುತ್ತಿದೆ. ಇದು ತಪ್ಪು.

ಹಣ ಕಟ್ಟಿದ ಮಾತ್ರಕ್ಕೆ ತಕರಾರು ಮಾಡುವ ದಾರಿ ಮುಚ್ಚುವುದಿಲ್ಲ. ಕಟ್ಟದೆ ಜಗಳಕ್ಕೆ ನಿಂತರೆ ವಿಮಾನವೇ ತಪ್ಪಬಹುದು, ಅಲ್ವಾ?

ಮುಖ್ಯವಾದದ್ದು ನಿಮ್ಮ ಟಿಕೆಟ್. ಎಷ್ಟು ಬ್ಯಾಗ್, ಎಷ್ಟು ಕೆಜಿ ಎಂದು ಅದರಲ್ಲೇ ಇರುತ್ತದೆ. 23 ಕೆಜಿ ಎಂದಿದ್ದು, ಕೌಂಟರ್‌ನಲ್ಲಿ 20ರ ಲೆಕ್ಕ ಹಾಕಿದರೆ ತಪ್ಪು ಅವರದ್ದು. ತೂಕದ ಯಂತ್ರದ ಅಂಕಿಯ ಫೋಟೋ ತೆಗೆಯಿರಿ. ಬ್ಯಾಗ್ ಇಡುವ ಮೊದಲು ಅದು ಸೊನ್ನೆ ತೋರಿಸುತ್ತಿತ್ತೇ ಎಂದೂ ನೋಡಿ, ಯಾರೂ ನೋಡುವುದಿಲ್ಲ! ಯಾವುದಕ್ಕೆ ಹಣ ಎಂದು ಬರೆದ ರಸೀದಿ ಕೇಳಿ ಪಡೆಯಿರಿ.

ಆಮೇಲೆ ವಿಮಾನ ಸಂಸ್ಥೆಗೆ ಲಿಖಿತ ದೂರು ಕೊಡಿ. ಫೋನ್‌ನಲ್ಲಿ ಸುಮ್ನೆ ಕೂಗಾಡಿದರೆ ದಾಖಲೆ ಉಳಿಯುವುದಿಲ್ಲ. ಅವರು ಒಪ್ಪದಿದ್ದರೆ, ಕಾರ್ಡ್‌ನಲ್ಲಿ ಕಟ್ಟಿದವರು ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್ (ಕಟ್ಟಿದ ಹಣವನ್ನು ಬ್ಯಾಂಕ್ ಮೂಲಕವೇ ವಾಪಸ್ ಪಡೆಯುವ ದಾರಿ) ಕೇಳಬಹುದು. ಅದಕ್ಕೆ ಗಡುವು ಇದೆ, ತಡ ಬೇಡ.

ಬ್ಯಾಗ್ ನಿಜವಾಗಿಯೂ ಜಾಸ್ತಿ ತೂಗಿದ್ದರೆ ಮಾತ್ರ ಈ ದೂರು ನಿಲ್ಲುವುದು ಕಷ್ಟ.